ತಿಪ್ಪೆಯ ಮೇಲಿನ ಅರಳೆ

ಗೌರೀಶಂಕರನ ಅವತ್ತಿನ ಪಾಡಿಗೆಲ್ಲ ಕಾರಣ ಒಂದು ಹಾಸಿಗೆ. ಬಳೇಪೇಟೆಯ ರೂಮಿನಲ್ಲಿ ಒಬ್ಬನೇ ಬಿದ್ದಿರುತ್ತಿದ್ದ ಕಾಲದ ಆ ಹಾಸಿಗೆಯಲ್ಲಿ ಅರಳೆಗಿಂತ ಗಂಟುಗಳೇ ಹೆಚ್ಚು. ಮಲಗಿದರೆ ಆಲೂಗಡ್ಡೆ ಮೂಟೆಯ ಮೇಲೆ ಮಲಗಿದ ಹಾಗೆ. ತನ್ನೊಬ್ಬನ ಬೆನ್ನಿಗೆ ಅದು ಸಾಕು ಎಂದುಕೊಂಡು ಅವನು ಸುಮ್ಮನಿದ್ದ. ಆದರೆ ಶ್ರಾವಣದ ಮೊದಲ ಶನಿವಾರ ಸಂಜೆಯ ಬಸ್ಸಿಗೆ ಚೂಡಾಮಣಿ ಬರುವವಳಿದ್ದಳು.

ಚೂಡಾಮಣಿ ಅವನ ಹೆಂಡತಿ. ಮದುವೆಯಾಗಿ ಎರಡು ವರ್ಷವಾದರೂ ಚಿಂತಾಮಣಿಯ ತವರಿನಲ್ಲೇ ಉಳಿದಿದ್ದಳು, ಏಕೆಂದರೆ ಗಂಡನಿಗೆ ಬೆಂಗಳೂರಿನಲ್ಲಿ ಮನೆ ಸಿಕ್ಕಿರಲಿಲ್ಲ. ಗೌರೀಶಂಕರ ಚಿಕ್ಕಪೇಟೆಯ ಸೀರೆ ಅಂಗಡಿಯೊಂದರಲ್ಲಿ ಗುಮಾಸ್ತ. ಬೆಳಗಿನಿಂದ ಸಂಜೆಯವರೆಗೆ ಊರಿನವರ ಹೆಂಡತಿಯರಿಗೆಲ್ಲ ಸೀರೆ ಬಿಚ್ಚಿ ತೋರಿಸುವುದು, ಮತ್ತೆ ಮಡಿಸಿಡುವುದು ಅವನ ಕೆಲಸ. ತಿಳಿಹಸಿರಿನ ಸೀರೆ ಕೈಗೆ ಬಂದರೆ ಮಾತ್ರ ಮಡಿಸುವುದು ಸ್ವಲ್ಪ ತಡವಾಗುತ್ತಿತ್ತು. ಅದನ್ನು ಮನಸ್ಸಿನಲ್ಲೇ ಚೂಡಾಮಣಿಯ ಹೆಗಲ ಮೇಲೆ ಹಾಕಿ ನೋಡಿ, ಸೆರಗು ಸರಿಮಾಡಿ, ಆಮೇಲೆ ಕಪಾಟಿನಲ್ಲಿ ಇಡಬೇಕಲ್ಲ! ‘ಚಿಂತಾಮಣಿಗೆ ಹೋಗಿದಾನೆ, ಬರ್ತಾನೆ ಇರಿ’ ಎಂದು ಜೊತೆಯವರು ನಗುತ್ತಿದ್ದರು.

ಹೀಗಿರುವಾಗ ಮಗಳ ಮದುವೆಗೆ ಸೀರೆ ಕೊಳ್ಳಲು ಅಂಗಡಿಗೆ ಬಂದವನು ಚಿಕ್ಕಬೈರಪ್ಪ. ಯಡಿಯೂರಿನ ಹಳೆಯ ರೈತ. ಅವನ ಹೊಲಗಳೆಲ್ಲ ಜಯನಗರದ ಬಡಾವಣೆಗೆ ಹೋಗಿ, ಉಳಿದ ತುಂಡಿನಲ್ಲಿ ಒಂದು ಮನೆ, ಎರಡು ಎಮ್ಮೆ, ಹಿತ್ತಲಲ್ಲಿ ಒಂದು ಪುಟ್ಟ ಬಾಡಿಗೆ ಮನೆ ಮಾಡಿಕೊಂಡಿದ್ದ. ಗೌರೀಶಂಕರ ಬೇಸರವಿಲ್ಲದೆ ಸೀರೆ ತೋರಿಸಿದ್ದು ಅವನಿಗೆ ಹಿಡಿಸಿತು. ‘ಮನೆ ಇಲ್ಲದೆ ಹೆಂಡ್ರನ್ನ ಬುಟ್ಟಿದೀರಾ? ಬನ್ನಿ ಸಾಮಿ, ನಮ್ಮ ಹಿತ್ತಲಾಗೇ ಇರೀರಂತೆ’ ಎಂದುಬಿಟ್ಟ. ಗೌರೀಶಂಕರನಿಗೆ ಅವತ್ತು ಸೀರೆಗಳೆಲ್ಲ ತಿಳಿಹಸಿರಾಗಿ ಕಂಡವು.

ಅವನು ಹಳೆಯ ಹಾಸಿಗೆಯೊಂದಿಗೆ ಹಿತ್ತಲ ಮನೆ ಸೇರಿಕೊಂಡ. ಆಷಾಢ ಕಳೆದ ಮೇಲೆ ಹೆಂಡತಿ ಬರುವುದೆಂದು ನಿಶ್ಚಯವಾಯಿತು. ಶುಕ್ರವಾರ ಬೀದಿಯಲ್ಲಿ ಟೊಂಯ್ ಟೊಂಯ್ ಎಂದು ಬಿಲ್ಲು ಮೀಟುತ್ತ ಹೊರಟಿದ್ದ ಅರಳೆ ಹಿಂಜುವವನನ್ನು ಅವನು ಕರೆದ. ಆತ ಹಳೆಯ ಗಂಟುಗಳನ್ನು ಕಿತ್ತು, ಹೊಸ ಅರಳೆ ತುಂಬಿ, ಇಬ್ಬರು ಮಲಗುವಷ್ಟು ಅಗಲದ ಹಾಸಿಗೆ ಹೊಲಿದುಕೊಟ್ಟ. ‘ಹಳೇದನ್ನ ನಾನೇ ದೂರ ಬಿಸಾಕ್ತೀನಿ ಸಾರ್’ ಎಂದು ಮೂಟೆ ಹೊತ್ತುಕೊಂಡು ಹೋದ. ಅವನ ಲೆಕ್ಕದಲ್ಲಿ ದೂರ ಎಂದರೆ ಬೀದಿಯ ಕೊನೆಯ ಮೂಲೆ ಸೈಟು.

ಆಷಾಢ ಮುಗಿದಿದ್ದರೂ ಅದರ ಗಾಳಿ ಮುಗಿದಿರಲಿಲ್ಲ. ಶನಿವಾರ ಬೆಳಿಗ್ಗೆ ಬೀದಿಗೆ ಬೀದಿಯೇ ನರೆತು ಕೂತಿತ್ತು. ಬೇಲಿಯ ಮೇಲೆ ಅರಳೆ, ರಂಗೋಲಿಯ ಮೇಲೆ ಅರಳೆ. ಎದುರು ಮನೆಯ ಸರಸ್ವತಮ್ಮ ಮಾಳಿಗೆಯ ಮೇಲೆ ಒಣಹಾಕಿದ್ದ ಸಂಡಿಗೆಗಳಿಗೆಲ್ಲ ಗಡ್ಡ ಬಂದಿತ್ತು.

ಆ ಮೂಲೆ ಸೈಟಿನಲ್ಲಿ ಬಹಳ ದಿನದಿಂದ ಒಂದು ತಿಪ್ಪೆ ಬೆಳೆಯುತ್ತಿತ್ತು. ಅದರ ವಿಷಯವಾಗಿ ಸರಸ್ವತಮ್ಮ ಕಾರ್ಪೊರೇಷನ್ನಿಗೆ ದೂರು ಕೊಟ್ಟಿದ್ದರು; ಅವತ್ತೇ ಹೆಲ್ತ್ ಇನ್ಸ್‌ಪೆಕ್ಟರು ನೋಡಲು ಬರುವುದೂ ಗೊತ್ತಾಗಿತ್ತು. ಈಗ ತಿಪ್ಪೆಯ ನೆತ್ತಿಯ ಮೇಲೆ ಅರಳೆಯ ಕಿರೀಟ!

‘ನೋಡಿ, ಕಳ್ಳ ಯಾರು ಅಂತ ಗೊತ್ತಾಯ್ತಲ್ಲ!’ ಎಂದು ಸರಸ್ವತಮ್ಮ ಗಡ್ಡದ ಸಂಡಿಗೆ ಹಿಡಿದುಕೊಂಡೇ ಬೀದಿಗಿಳಿದರು. ‘ಹಾಸಿಗೆ ಬಿಚ್ಚಿದವನು ಹಿತ್ತಲ ಮನೆ ಗೌರೀಶಂಕರ. ಇಷ್ಟು ದಿನ ಕಸ ಸುರೀತಿದ್ದವನೂ ಅವನೇ!’

ಇನ್ಸ್‌ಪೆಕ್ಟರ ಹೆಸರು ಕೇಳಿ ಚಿಕ್ಕಬೈರಪ್ಪನ ಮುಖ ಸುಟ್ಟ ಬದನೆಕಾಯಿಯಂತಾಯಿತು. ನೇರವಾಗಿ ಹಿತ್ತಲಿಗೆ ಬಂದ.

‘ಏನ್ ಸಾಮಿ, ನಂಬಿ ಮನೆ ಕೊಟ್ಟರೆ ನಮ್ಮ ಬೀದೀನೇ ತಿಪ್ಪೆ ಮಾಡಿದ್ರಲ್ಲ! ಸಂಜೆ ಒಳಗೆ ಖಾಲಿ ಮಾಡ್ಬುಡಿ.’

‘ಸಂಜೆ ಒಳಗಾ? ಸಂಜೆ ನನ್ನ ಹೆಂಡ್ತಿ ಬರ್ತಿದಾಳೆ, ಬೈರಪ್ಪನೋರೇ!’

‘ಬಂದ ಬಸ್ಸಾಗೇ ವಾಪಸ್ ಕಳಿಸಿ.’

ಆ ಮಾತು ಗೌರೀಶಂಕರನ ಎದೆಗೆ ನಾಟಿತು. ಎರಡು ವರ್ಷದಿಂದ ಅವನು ಮಾಡುತ್ತಿದ್ದುದೇ ಅದು. ಹಬ್ಬಕ್ಕೆ ಹೋಗುವುದು, ಅವಳ ಮುಖ ಸರಿಯಾಗಿ ನೋಡುವಷ್ಟರಲ್ಲಿ ವಾಪಸ್ ಬಸ್ಸು. ಕಿಟಕಿಯಿಂದ ನೋಡಿದರೆ ರಸ್ತೆಯಲ್ಲಿ ಅವಳು ಸಣ್ಣಗಾಗುತ್ತ ಹೋಗುತ್ತಿದ್ದಳು.

ಚಿಕ್ಕಬೈರಪ್ಪ ಒಳನುಗ್ಗಿ ಅಡಿಗೆ ಪಾತ್ರೆಗಳನ್ನು ತಂದು ಅಂಗಳದಲ್ಲಿಡತೊಡಗಿದ. ಅವನ ಹೆಂಡತಿ ಸೊಣ್ಣಮ್ಮ ತನ್ನ ಪಾಲಿನ ಕೆಲಸವೆಂದು ಬಾವಿಯ ಹಗ್ಗ ಬಿಚ್ಚಿ ಸುತ್ತಿಕೊಂಡು ನಿಂತಳು. ಅಷ್ಟರಲ್ಲಿ ಬೇಲಿಯ ಆಚೆಯಿಂದ ಒಂದು ಗುಡುಗು ಕೇಳಿಸಿತು.

‘ಇಡಿ ಕೆಳಗೆ ಆ ಕೊಳದಪ್ಪಲೆ!’

ಗುಡುಗಿದವರು ಸರಸ್ವತಮ್ಮನ ಗಂಡ ರಾಮಪ್ರಸಾದರು. ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಸರ್ವೀಸಿನುದ್ದಕ್ಕೂ ಬೇರೆಯವರ ವಾದ ಕೇಳಿ ಕೇಳಿ, ಒಂದೇ ಒಂದು ಸಲ ತಾನೂ ಎದ್ದು ನಿಂತು ವಾದಿಸಬೇಕೆಂಬ ಆಸೆ ಅವರ ಗಂಟಲಲ್ಲೇ ಒಣಗಿಹೋಗಿತ್ತು. ಅದು ಈಗ ಚಿಗುರಿತು. ಹೆಂಡತಿಯೇ ಫಿರ್ಯಾದಿ ಎಂಬುದನ್ನೂ ಅವರು ಲೆಕ್ಕಕ್ಕಿಡಲಿಲ್ಲ.

‘ಬಾಯಿ ಮಾತಲ್ಲಿ ಬಾಡಿಗೆದಾರನ್ನ ಹೊರಗೆ ಹಾಕೋಕಾಗುತ್ತೇನ್ರೀ? ಕೋರ್ಟಿನ ಆರ್ಡರ್ ಎಲ್ಲಿ? ಅವನ ಸಾಮಾನು ಮುಟ್ಟೋ ಹಕ್ಕು ನಿಮಗಿಲ್ಲ. ಸೊಣ್ಣಮ್ಮ, ಆ ಹಗ್ಗ ಕಟ್ಟಮ್ಮ. ನೀರು ನಿಲ್ಲಿಸೋದೂ ತಪ್ಪೇ.’

‘ತಿಪ್ಪೆ ಮಾಡಿರೋನು ಇವ್ನಲ್ವ?’

‘ಅನ್ನೋನು ರುಜುವಾತು ಮಾಡಬೇಕು. ಇವನ ಮಾತೂ ಕೇಳಬೇಕು. ಅಲ್ಲೀತನಕ ಇವನು ನಿರ್ದೋಷಿ!’

ಸೊಣ್ಣಮ್ಮ ಗಂಡನ ಮುಖ ನೋಡುತ್ತ ಹಗ್ಗ ಮತ್ತೆ ಕಟ್ಟಿದಳು.

ಗೌರೀಶಂಕರನಿಗೆ ಹಕ್ಕೂ ಬೇಡ, ವಾದವೂ ಬೇಡ. ಸಂಜೆ ಹೆಂಡತಿ ಒಳಗೆ ಬರುವಾಗ ಯಾರೂ ಕೂಗಾಡದಿದ್ದರೆ ಸಾಕಿತ್ತು. ತಾನೇ ಆ ಅರಳೆ ಎತ್ತಿಬಿಟ್ಟರೆ ಜಗಳ ಮುಗಿಯಿತಲ್ಲ ಎಂದು, ಎಲ್ಲರೂ ಊಟಕ್ಕೆ ಕೂತ ಹೊತ್ತು ನೋಡಿ, ಬುಟ್ಟಿ ಹಿಡಿದು ಮೂಲೆ ಸೈಟಿಗೆ ಹೋದ. ಅವನು ಹಿಡಿದಷ್ಟೂ ಅರಳೆ ಗಾಳಿಯಲ್ಲಿ ತಪ್ಪಿಸಿಕೊಂಡಿತು. ಕೋಳಿ ಹಿಡಿಯುವವನಂತೆ ಅದರ ಹಿಂದೆ ಓಡಿದ. ಕೊನೆಗೆ ಕಾಲು ಜಾರಿ ತಿಪ್ಪೆಯಲ್ಲಿ ಮೊಣಕಾಲಿನವರೆಗೆ ಹೂತುಹೋದ.

‘ಸಿಕ್ಕಿಬಿದ್ದ! ಬುಟ್ಟಿ ಸಮೇತ ಸಿಕ್ಕಿಬಿದ್ದ!’ ಎಂದರು ಸರಸ್ವತಮ್ಮ ಮಾಳಿಗೆಯಿಂದ.

‘ಅಯ್ಯೋ, ಮುಟ್ಟಬೇಡವೋ!’ ಎಂದು ರಾಮಪ್ರಸಾದರು ಎಂಜಲು ಕೈಯಲ್ಲೇ ಓಡಿಬಂದರು. ‘ಎತ್ತಿದ್ರೆ ತಪ್ಪು ಒಪ್ಪಿಕೊಂಡ ಹಾಗಪ್ಪಾ!’

ಸೈಕಲ್ಲಿನಲ್ಲಿ ಬಂದ ಹೆಲ್ತ್ ಇನ್ಸ್‌ಪೆಕ್ಟರ್ ಕರಿಬಸವಯ್ಯ ಕಂಡದ್ದು ಈ ದೃಶ್ಯ. ನಡುವಯಸ್ಸಿನ, ಇಸ್ತ್ರಿ ಇಲ್ಲದ ಕೋಟಿನ, ಹೋಟೆಲೂಟದಿಂದ ಕೆನ್ನೆ ಒಳಸೇರಿದ ಮನುಷ್ಯ. ತಲೆ ತುಂಬ ಅರಳೆಯಾಗಿ ತಿಪ್ಪೆಯಲ್ಲಿ ನಿಂತಿದ್ದ ಗೌರೀಶಂಕರನನ್ನು ಅವರು ಒಂದು ಗಳಿಗೆ ನೋಡಿದರು.

‘ಆಪಾದಿತರು ಇವರೇನೋ?’

‘ಆಪಾದಿತ ಹೌದು, ಅಪರಾಧಿ ಅಲ್ಲ!’ ಎಂದು ರಾಮಪ್ರಸಾದರು ಶುರುಮಾಡಿದರು. ಬೀದಿಯವರೆಲ್ಲ ಸೇರಿದ್ದರು. ಅವರ ವಾದ ಬಾಡಿಗೆ ಕಾಯಿದೆಯಿಂದ ಹೊರಟು ವಿಕ್ಟೋರಿಯಾ ರಾಣಿಯ ತನಕ ಹೋಗುವ ಲಕ್ಷಣ ಕಂಡಿತು. ಅವರು ಉಸಿರು ತೆಗೆದುಕೊಳ್ಳುವಾಗ ಕರಿಬಸವಯ್ಯ ಕೋಲಿನಿಂದ ತಿಪ್ಪೆ ಕೆದಕಿದರು. ಮೇಲಿನ ಅರಳೆ ಸರಿಯಿತು. ಕೆಳಗೆ ಸಗಣಿ, ಅದರ ಕೆಳಗೆ ರಾಗಿ ಹುಲ್ಲು, ಅದರ ಕೆಳಗೆ ಇನ್ನೂ ಸಗಣಿ.

‘ನೀವು ಎಮ್ಮೆ ಸಾಕಿದೀರೇನ್ರೀ?’

‘ಹೆಂಡ್ತೀನೇ ಇನ್ನೂ ಕರ್ಕೊಂಡು ಬಂದಿಲ್ಲ ಸಾರ್, ಎಮ್ಮೆ ಎಲ್ಲಿಂದ ತರಲಿ?’

ಎಲ್ಲರ ಕಣ್ಣೂ ಚಿಕ್ಕಬೈರಪ್ಪನ ಕಡೆ ತಿರುಗಿತು. ಅವನು ಟವೆಲಿನಿಂದ ಮುಖ ಒರೆಸಿಕೊಂಡ. ಒರೆಸಿದ ಮೇಲೂ ಮುಖದಿಂದ ಟವೆಲು ತೆಗೆಯಲಿಲ್ಲ.

‘ನಮ್ಮಪ್ಪನ ಕಾಲದಿಂದ ಅಲ್ಲೇ ಸಾಮಿ ನಮ್ಮ ತಿಪ್ಪೆ’ ಎಂದ. ‘ಈಗ ಇದನ್ನ ಮೂಲೆ ಸೈಟು ಅಂತೀರಿ. ನಮಗೆ ಇದು ಅವರೆ ಹೊಲ. ಬೆಳಗಾಗೆದ್ದು ಸಗಣಿ ಬುಟ್ಟಿ ಎತ್ತಿದ್ರೆ ಕಾಲು ಇಲ್ಲಿಗೇ ಬತ್ತದೆ. ಹೊಲ ಇಲ್ಲ ಅಂತ ಕಾಲಿಗೆ ಯಾರು ಹೇಳ್ಯಾರು?’

ಸೊಣ್ಣಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು. ಸರಸ್ವತಮ್ಮ ಸಾಕ್ಷಿಗೆಂದು ತಂದಿದ್ದ ಸಂಡಿಗೆಯನ್ನು ಮೆಲ್ಲಗೆ ಬೆನ್ನ ಹಿಂದೆ ಮರೆಮಾಡಿದರು. ಕರಿಬಸವಯ್ಯ ದಂಡ ಹಾಕಲಿಲ್ಲ. ತಿಪ್ಪೆ ಎತ್ತಿಸಬೇಕೆಂದು ತಾಕೀತು ಮಾಡಿ, ‘ಬಾಡಿಗೆದಾರರದ್ದು ಏನೂ ತಪ್ಪಿಲ್ಲ’ ಎಂದು ಎಲ್ಲರೆದುರು ಹೇಳಿದರು. ಚಿಕ್ಕಬೈರಪ್ಪ ತಾನೇ ಪಾತ್ರೆಗಳನ್ನು ಒಳಗಿಟ್ಟ. ‘ತಪ್ಪಾಯ್ತು ಸಾಮಿ. ಅಮ್ಮಾವ್ರು ಬರಲಿ. ನೀವಾಗಿ ಬಿಡೋ ತನಕ ಮನೆ ನಿಮ್ಮದೇ’ ಎಂದ.

ಗೌರೀಶಂಕರನಿಗೆ ಕುಣಿಯಬೇಕೆನ್ನಿಸಿತು. ಕಾಲು ತೊಳೆದುಕೊಂಡು, ಇನ್ಸ್‌ಪೆಕ್ಟರನ್ನು ಬಿಡದೆ ಕಾಫಿಗೆ ಕರೆದುಕೊಂಡು ಹೋದ. ಹೊಸ ಸುಣ್ಣ ಹೊಡೆದ ಗೋಡೆ ತೋರಿಸಿದ. ಅವಳಿಗೆಂದು ತೂಗುಹಾಕಿದ ಕನ್ನಡಿ ತೋರಿಸಿದ. ಕರಿಬಸವಯ್ಯ ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದರು. ಕನ್ನಡಿಯ ಮುಂದೆ ಸುಮ್ಮನೆ ನಿಂತರು.

‘ಚೆನ್ನಾಗಿದೆ. ಅಲಾಟ್‌ಮೆಂಟ್ ಯಾವಾಗ ಆಯ್ತು ನಿಮಗೆ?’

‘ಅಲಾಟ್‌ಮೆಂಟಾ?’ ಗೌರೀಶಂಕರ ಸಂತೋಷದಲ್ಲಿ ನಕ್ಕ. ‘ಅದರ ತಂಟೆಯೇ ಇಲ್ಲ ಸಾರ್. ಬೈರಪ್ಪನೋರೇ ಕರೆದು ಕೊಟ್ರು. ಬಾಡಿಗೆ ಮನೆ ಹಂಚೋ ಕಂಟ್ರೋಲರ್ ಆಫೀಸಿನ ಮೆಟ್ಟಲು ಕೂಡ ಹತ್ತಲಿಲ್ಲ!’

ಕರಿಬಸವಯ್ಯ ಲೋಟ ಕೆಳಗಿಟ್ಟರು. ಬಾಗಿಲಲ್ಲಿ ನಿಂತಿದ್ದ ರಾಮಪ್ರಸಾದರ ಮುಖ ಇಳಿಯಿತು.

‘ಮನೆ ಖಾಲಿಯಾದ್ರೆ ಕಂಟ್ರೋಲರಿಗೆ ತಿಳಿಸಬೇಕು. ಅವರು ಸರದಿ ನೋಡಿ ಕೊಡ್ತಾರೆ. ಹಾಗಲ್ಲದೆ ಸೇರ್ಕೊಂಡವರಿಗೆ ಹಕ್ಕಿಲ್ಲ’ ಎಂದರು ಕರಿಬಸವಯ್ಯ, ನೆಲ ನೋಡುತ್ತ. ‘ಆ ಸರದೀಲಿ ಈಗ ಮೊದಲನೇ ಹೆಸರು ನನ್ನದು ಸಾರ್. ನನ್ನ ಮನೆಯವಳು, ಮಗಳು ಚನ್ನರಾಯಪಟ್ಟಣದಲ್ಲಿದಾರೆ. ಮಗಳು ನನ್ನನ್ನ ಮಾವ ಅಂತ ಕರೀತಾಳೆ. ಬರೋ ಗಂಡಸರನ್ನೆಲ್ಲ ಹಾಗೇ ಕರೀತಾಳಂತೆ.’

ಅವರು ಎದ್ದು, ಬಾಗಿಲಲ್ಲಿ ಒಮ್ಮೆ ನಿಂತು, ‘ನಾನು ಸುಮ್ಮನಿರಬೇಕು ಅನ್ಸುತ್ತೆ. ಆಗಲ್ಲ, ಕಂಟ್ರೋಲರಿಗೆ ತಿಳಿಸ್ತೀನಿ’ ಎಂದು ಸೈಕಲ್ ಹತ್ತಿ ಹೋದರು. ಗೌರೀಶಂಕರ ಅವರನ್ನು ಬಯ್ಯಲು ಮಾತು ಹುಡುಕಿದ. ಆದರೆ ಅವರ ಜಾಗದಲ್ಲಿದ್ದರೆ ತಾನು ಸೈಕಲ್ಲನ್ನು ಇನ್ನೂ ಜೋರಾಗಿ ತುಳಿಯುತ್ತಿದ್ದೆನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

‘ಧೈರ್ಯವಾಗಿರಯ್ಯಾ’ ಎಂದರು ರಾಮಪ್ರಸಾದರು. ‘ನೋಟೀಸು ಕೊಡದೆ ಎಬ್ಬಿಸೋ ಹಾಗಿಲ್ಲ. ಉತ್ತರ ಕೊಡೋಕೆ ಅವಕಾಶ ಇದೆ. ನಾನು ವಾದ ಮಾಡ್ತೀನಿ!’

‘ಗೆಲ್ತೀವಾ ಸಾರ್?’

‘ಗೆಲ್ಲಲ್ಲ. ಆದ್ರೆ ವಾದ ಮಾಡ್ತೀನಿ.’

ಸಂಜೆ ಕಲಾಸಿಪಾಳ್ಯದ ಬಸ್ ಸ್ಟ್ಯಾಂಡಿನಲ್ಲಿ ಚಿಂತಾಮಣಿಯ ಬಸ್ಸು ಇನ್ನೂ ಬಂದಿರಲಿಲ್ಲ. ಪಕ್ಕದಲ್ಲಿ ಹೊರಡಲು ಗುರ್ ಎನ್ನುತ್ತಿದ್ದ ಚನ್ನರಾಯಪಟ್ಟಣದ ಬಸ್ಸಿನ ಕಿಟಕಿಯಿಂದ ಯಾರೋ ‘ಸಾರ್!’ ಎಂದು ಕೂಗಿದರು. ಕರಿಬಸವಯ್ಯ. ಕೋಟಿಗೆ ಇಸ್ತ್ರಿಯಾಗಿತ್ತು, ತೊಡೆಯ ಮೇಲೆ ಬಾಳೆಲೆಯಲ್ಲಿ ಕಟ್ಟಿದ ಮಲ್ಲಿಗೆ. ಬಸ್ಸು ಚಲಿಸಿದಾಗ ಇನ್ಸ್‌ಪೆಕ್ಟರು ನಾಚಿಕೊಂಡೇ ಕೇಳಿದರು:

‘ಸಾರ್, ಒಲೆ ಹೊಗೆ ಹೋಗೋಕೆ ದಾರಿ ಇದೆ ತಾನೇ? ನಮ್ಮನೆಯವಳಿಗೆ ಕಣ್ಣುರಿ.’

‘ಇದೆ ಸಾರ್. ಮಾಡಿನಲ್ಲಿ ಗವಾಕ್ಷಿ ಇದೆ’ ಎಂದು ಗೌರೀಶಂಕರ ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿ ಹೇಳಿದ.

ಆ ಬಸ್ಸಿನ ಧೂಳಿನೊಳಗಿಂದಲೇ ಚಿಂತಾಮಣಿಯ ಬಸ್ಸು ಬಂತು. ಚೂಡಾಮಣಿ ಟ್ರಂಕು ಇಳಿಸಿ, ಅದರ ಹಿಂದೆ ಒಂದು ಒನಕೆ, ಒಂದು ಉಪ್ಪಿನಕಾಯಿ ಜಾಡಿ ಇಳಿಸಿದಳು. ಕೊನೆಗೆ ತಾನು ಇಳಿದು, ಅವನ ಮುಖ ನೋಡಿ ಬಾಯ್ತುಂಬ ನಕ್ಕಳು.

‘ಹಬ್ಬಕ್ಕೆ ಕರೀಬೇಡಿ, ಇನ್ನು ನಾನು ನನ್ನ ಮನೆ ಬಿಟ್ಟು ಬರಲ್ಲ ಅಂತ ಅಮ್ಮನಿಗೆ ಹೇಳಿಬಿಟ್ಟೆ ಕಣ್ರೀ. ಸರಿಯಾಗಿ ಹೇಳಿದೆನಾ?’

ಗೌರೀಶಂಕರ ಒನಕೆಯನ್ನು ಎತ್ತಿ ಹೆಗಲ ಮೇಲಿಟ್ಟುಕೊಂಡ.

‘ಸರಿಯಾಗಿ ಹೇಳಿದೆ’ ಎಂದ. ಜಯನಗರಕ್ಕೆ ನೆಟ್ಟಗಿನ ದಾರಿ ಹಿಡಿಯಬೇಡ, ಲಾಲ್‌ಬಾಗ್ ಸುತ್ತಿಕೊಂಡು ನಿಧಾನವಾಗಿ ಹೋಗು ಎಂದು ಜಟಕಾದವನಿಗೆ ಹೇಳಿದ.