ಬನ್ನಿಯ ಫಲಕದ ಹಿಂದೆ ಬೆಳೆದ ಬಳ್ಳಾರಿ ಜಾಲಿಯವರಿಗೆ

ಮಾನ್ಯ ಬಳ್ಳಾರಿ ಜಾಲಿಯವರೇ,

ರಾಯಚೂರಿನ ಹೊರಗೆ, ಮಾನ್ವಿ ರಸ್ತೆಯ ಪಕ್ಕದ ನಮ್ಮ ನಾಡಗಿಡಗಳ ತೋಟದಲ್ಲಿ, ‘ಬನ್ನಿ’ ಎಂಬ ಫಲಕದ ಹಿಂದೆ ವರ್ಷದ ಮೇಲೆ ಸುಖವಾಗಿ ಬಾಳಿದ ತಮ್ಮ ಬುಡಕ್ಕೆ, ಒಂಬತ್ತನೇ ತರಗತಿಯನ್ನು ಅರ್ಧಕ್ಕೇ ಬಿಟ್ಟ ತೋಟದಾಳು ಹನುಮೇಶನ ನಮಸ್ಕಾರಗಳು. ಈಗ ತಮ್ಮದು ಬುಡ ಮಾತ್ರ ಉಳಿದಿರುವುದರಿಂದ ಅಲ್ಲಿಗೇ ನಮಸ್ಕರಿಸಿದ್ದೇನೆ, ತಪ್ಪು ತಿಳಿಯಬಾರದು.

ತಮ್ಮಂಥ ಪರದೇಶದ ಮುಳ್ಳುಕಂಟಿಯನ್ನು ಕಿತ್ತು ಈ ನೆಲದ ಗಿಡಗಳನ್ನು ಉಳಿಸುವುದು ನನ್ನ ಕೆಲಸ. ಅದನ್ನು ನಾನು ಮಾಡಿದ ರೀತಿ ತಮಗೆ ಗೊತ್ತೇ ಇದೆ. ತೋಟ ನಡೆಸುವ ಶಹಜಾದಿ ಬೇಗಂ ಮೇಡಂ ಬನ್ನಿಯ ಸಸಿ ನೆಟ್ಟು, “ಇದನ್ನ ಉಳಿಸಪಾ, ಸಸಿಮನಿ ಕೀಲಿ ನಿನ್ನ ಕೈಯಾಗ ಕೊಡ್ತೀನಿ” ಎಂದು ಹೇಳಿ, ಮೊಣಕಾಲುಗಳ ಆಪರೇಷನ್ನಿಗಾಗಿ ಮಾನ್ವಿಯ ಮಗಳ ಮನೆಗೆ ಹೋದರು. ಬನ್ನಿಯ ಮುಳ್ಳು ಕೊಂಬೆಯ ಮೇಲೆ ಎಲ್ಲೆಂದರಲ್ಲಿ ಇರುತ್ತದೆ, ಜಾಲಿಯದು ಎಲೆಯ ಬುಡದಲ್ಲಿ ಜೋಡಿಯಾಗಿರುತ್ತದೆ ಎಂದೂ ಹೇಳಿದ್ದರಂತೆ. ಒಂದೇ ಕಡೆ ಐದು ನಿಮಿಷ ನಿಲ್ಲಲಾರದ ನಾನು ಆಗಲೇ ತೋಟದ ಇನ್ನೊಂದು ತುದಿ ಸೇರಿದ್ದೆ. ಮಳೆ ಬಿದ್ದ ಮೇಲೆ ಗುಂಡಿಯಲ್ಲಿ ಎರಡು ಸಸಿ ಕಂಡವು. ಸೊರಗಿದ್ದನ್ನು ಕಳೆಯೆಂದು ಕಿತ್ತೆಸೆದು, ಚುರುಕಾಗಿದ್ದ ತಮ್ಮನ್ನು ಉಳಿಸಿಕೊಂಡೆ.

ಆಹಾ, ಎಂಥ ಬೆಳವಣಿಗೆ ತಮ್ಮದು! ನಾನು ಸಗಣಿಗೊಬ್ಬರ ಹಾಕಿದಷ್ಟೂ ಬೆಳೆದಿರಿ, ಮರೆತಾಗ ಇನ್ನೂ ಹೆಚ್ಚು ಬೆಳೆದಿರಿ. ಆಡುಗಳು ತಮ್ಮನ್ನು ಮೂಸಿ ಮುಂದೆ ಹೋಗುವುದನ್ನು ಕಂಡು, ದೇವರ ಗಿಡವೆಂದರೆ ಅವಕ್ಕೂ ಭಕ್ತಿ ಎಂದುಕೊಂಡೆ. ಮೇಡಂಗೆ ವಾರವಾರವೂ ಫೋಟೋ ಕಳಿಸಿದೆ. ಎಲ್ಲದರಲ್ಲೂ ಗಿಡದ ಮುಂದೆ ನಾನೇ ನಿಂತಿದ್ದೆ.

ದಸರೆಗೆ ಪಕ್ಕದ ಓಣಿಯ ಹೆಣ್ಣುಮಕ್ಕಳೆಲ್ಲ ಬಂದು ತಮಗೆ ಸುತ್ತು ಹಾಕಿದರು. ಕೋಲೂರಿಕೊಂಡು ಬಂದಿದ್ದ ಮೇಡಂ ದೂರದ ಕಟ್ಟೆಯ ಮೇಲೆ ಕುಳಿತು ಚೀಲದಿಂದ ಕೀಲಿ ತೆಗೆದು ಹಿಡಿದಿದ್ದರು. ಹಂಚಲೆಂದು ನಾನು ಎಲೆ ಕೀಳುವಾಗ ಹೆಬ್ಬೆರಳಿಗೆ ಮುಳ್ಳು ಚುಚ್ಚಿತು. ಒಂದಲ್ಲ, ಜೋಡಿ. ಕೀಳುವಾಗ ಜಾಲಿ ಚುಚ್ಚುವುದೂ ಹೀಗೇ. ಯಾರೂ ನೋಡಿರಲಿಲ್ಲ, ಬೆರಳು ಚೀಪಿ ಸುಮ್ಮನಿದ್ದಿದ್ದರೆ ಕೀಲಿ ನನ್ನದಾಗುತ್ತಿತ್ತು. ಆದರೆ ನನ್ನ ಕಾಲಿನಂತೆ ಬಾಯಿಯೂ ಸುಮ್ಮನಿರುವುದಿಲ್ಲ. ಇದು ಬನ್ನಿಯಲ್ಲ, ಜಾಲಿ ಎಂದು ಎಲ್ಲರೆದುರು ಸಾರಿಬಿಟ್ಟೆ.

“ಲೇ ಹನುಮ್ಯಾ, ಐದು ಸುತ್ತು ಹಾಕೀನಿ, ಸೊಂಟ ನೋಯಾಕತ್ತೈತಿ! ಮೊದಲ ಹೇಳಾಕ ಏನಾಗಿತ್ತು ನಿನಗ?” ಎಂದರು ಬೀಜ ಆರಿಸುವ ಹುಲಗೆಮ್ಮ. ಮೇಡಂ ಎದ್ದು ಬಂದು ನನ್ನ ಬೆರಳು ನೋಡಿ, ಕೀಲಿಯನ್ನು ಚೀಲಕ್ಕೆ ಹಾಕಿಕೊಂಡು, ಕೊಡಲಿಯನ್ನು ನನ್ನ ಕೈಗಿತ್ತರು.

ಕಡಿದ ಮೂರನೇ ವಾರಕ್ಕೇ ತಾವು ಮತ್ತೆ ಚಿಗುರಿದ್ದೀರಿ. ಆದ್ದರಿಂದ ವಿನಂತಿಸುವುದೇನೆಂದರೆ, ಇನ್ನು ಮುಂದೆ ಹುಟ್ಟುವಾಗ ದಯವಿಟ್ಟು ಹಣೆಯ ಮೇಲೆ ಹೆಸರು ಬರೆದುಕೊಂಡು ಹುಟ್ಟಬೇಕು. ಓದಲು ನನಗೆ ಬರುತ್ತದೆ. ಅಷ್ಟು ಕಲಿತೇ ಶಾಲೆ ಬಿಟ್ಟಿದ್ದೇನೆ.

ತಮ್ಮನ್ನು ಸಾಕಿ, ಕಡಿದ, ಮತ್ತೆ ಕಡಿಯಲಿರುವ
ತಮ್ಮ ವಿಶ್ವಾಸಿ,
ಹನುಮೇಶ, ಅರಕೇರಾ

ತಾ.ಕ.: ತಮ್ಮ ಬುಡದ ಪಕ್ಕದಲ್ಲೇ ಮೇಡಂ ಇನ್ನೊಂದು ಬನ್ನಿ ಸಸಿ ನೆಟ್ಟಿದ್ದಾರೆ. ಅದು ಮುಳ್ಳು ಬಿಟ್ಟ ದಿನ ಕೀಲಿಯ ಮಾತು. “ಇದಾದ್ರೂ ಖರೇ ಬನ್ನಿ ಹೌದಿಲ್ಲೋ?” ಎಂದು ಹುಲಗೆಮ್ಮ ದಿನಾ ಬೆಳಿಗ್ಗೆ ಕೇಳುತ್ತಾರೆ. ನಾನು ದಿನಾ ಒಂದೇ ಉತ್ತರ ಕೊಡುತ್ತೇನೆ: “ಮೇಡಂ ಹಚ್ಚಿದ್ದಂತೂ ಬನ್ನೀನ, ಯವ್ವಾ. ಆದ್ರ ಕಳೆ ಕೀಳಾಂವ ನಾನು.”