ಉಪ್ಪಿನ ಇಟ್ಟಿಗೆ ಮತ್ತು ನನ್ನ ಎಡಗಾಲಿನ ಚಪ್ಪಲಿ

ಕಾಡಂಚಿನಲ್ಲಿ ಮೇಯುವ ದನಗಳಿಗೆ ಹುಲ್ಲು ಬೇಕಾದಷ್ಟು ಸಿಗುತ್ತದೆ, ಹುಲ್ಲಿನೊಳಗೆ ಸತ್ವ ಸಿಗುವುದಿಲ್ಲ. ಇದನ್ನೇ ಹೇಳಿಕೊಂಡು ಎಚ್.ಡಿ. ಕೋಟೆ ಕಡೆ ಊರೂರು ಸುತ್ತುವ ಪಶುವೈದ್ಯೆ ನಾನು. ನಾನು ಹೇಳಿದ್ದು ಒಂದು, ನಡೆದದ್ದು ಇನ್ನೊಂದು ಆಗದ ವಾರವೇ ನನ್ನ ನೌಕರಿಯಲ್ಲಿಲ್ಲ. ಊರೆಲ್ಲ ಯಾಕೆ, ಅಂತರಸಂತೆ ಹತ್ತಿರದ ಒಂದೇ ಮನೆಯ ಕಥೆ ಸಾಕು.

ಪಾಠ

ಆ ಮನೆಯ ಹಸು ಎರಡು ವರ್ಷದಿಂದ ಬೆದೆಗೆ ಬಂದಿರಲಿಲ್ಲ. ಯಜಮಾನನ ಹೆಂಡತಿಗೆ ಕೆ.ಆರ್. ನಗರದ ತೌರಿನವರು ಪ್ರೀತಿಯಿಂದ ಕೊಟ್ಟ ಹಸು ಅದು.

"ಕರ ಇಲ್ಲ, ಹಾಲಿಲ್ಲ, ಮೇಲಾಗಿ ನನ್ನ ಟವಲ್ ತಿಂತದೆ. ಇನ್ ಮೂರು ತಿಂಗ್ಳು ನೋಡ್ತೀನಿ ಡಾಕ್ಟ್ರಮ್ಮ. ಆಮೇಲೆ ಸಂತೆಗೆ ಹೊಡೀತೀನಿ" ಎಂದ ಯಜಮಾನ. ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಕಣ್ಣು ತುಂಬಿತು. ನನಗೂ ಸಂಕಟವಾಯಿತು.

"ಮಾರಬೇಡಿ, ನಾನಿದ್ದೀನಿ" ಎಂದು ಕೊಟ್ಟಿಗೆಯಲ್ಲೇ ಪಾಠ ಶುರು ಮಾಡಿದೆ. ಇಲ್ಲಿಯ ಮಣ್ಣಿನಲ್ಲಿ ರಂಜಕ, ಅಂದರೆ ಫಾಸ್ಫರಸ್, ಕಡಿಮೆ, ಹಾಗಾಗಿ ಹುಲ್ಲಿನಲ್ಲೂ ಕಡಿಮೆ. ಆ ಕೊರತೆಗೇ ಹಸು ಮೂಳೆ, ಬಟ್ಟೆ, ಚರ್ಮ ಅಂತ ಕಂಡದ್ದನ್ನೆಲ್ಲ ಅಗಿಯುತ್ತದೆ, ಬೆದೆಗೂ ಬರುವುದಿಲ್ಲ. ಇಷ್ಟು ಚೆನ್ನಾಗಿ ನಾನು ಕಾಲೇಜಿನಲ್ಲೂ ಉತ್ತರ ಬರೆದಿರಲಿಲ್ಲ.

ಕೊಟ್ಟಿಗೆಗೆ ಬರಿಗಾಲಲ್ಲಿ ಬರುವುದು ಆ ಮನೆಯ ಪದ್ಧತಿ. ನಾನು ಬಿಟ್ಟಿದ್ದ ಎಡಗಾಲಿನ ಚಪ್ಪಲಿ ಆಗಲೇ ಹಸುವಿನ ಬಾಯಲ್ಲಿತ್ತು. ಕೈ ಹಾಕಿ ಎಳೆದಾಗ ಬಂದದ್ದು ಅರ್ಧ.

ಯಜಮಾನ ಬಹಳ ಶ್ರದ್ಧೆಯಿಂದ ಕೇಳಿದ: "ಡಾಕ್ಟ್ರಮ್ಮ, ಅದ್ರಲ್ಲಿ ರಂಜಕ ಎಷ್ಟಿರ್ತದೆ?"

ಪುಡಿ

ದಿನಾ ಸಂಜೆ ಬೂಸದ ಜೊತೆ ಕೊಡಿ ಎಂದು ರಂಜಕ ಬೆರೆಸಿದ ಲವಣದ ಪುಡಿಯ ಚೀಲ ಕೊಟ್ಟು ಬಂದೆ. ತಿಂಗಳು ಬಿಟ್ಟು ಹೋದರೆ ಹಸು ಇದ್ದ ಹಾಗೇ ಇದೆ, ಚೀಲ ಮಾತ್ರ ಖಾಲಿ.

"ಹೊಗೆಸೊಪ್ಪಿನ ಸಸಿಮಡಿಗೆ ಹಾಕ್ಬುಟ್ಟೆ" ಎಂದ ಯಜಮಾನ. "ಹಸ ತಿನ್ಬೇಕು, ಸಗಣಿ ಹಾಕ್ಬೇಕು, ಅದು ಗೊಬ್ಬರ ಆಗ್ಬೇಕು. ಕಡೀಗೆ ಹೊಲಕ್ಕೇ ತಾನೇ ಬರೋದು? ನಡುವೆ ಅಷ್ಟು ದಿನ ಯಾಕೆ ದಂಡ ಅಂತ."

ಸಿಟ್ಟು ನೆತ್ತಿಗೇರಿತು. ಆದರೂ ಸಾವರಿಸಿಕೊಂಡು "ಸಸಿ ಹೇಗಿವೆ?" ಎಂದೆ.

ಉತ್ತರ ಒಳಗಿನಿಂದ ಹೆಂಡತಿ ಕೊಟ್ಟಳು: "ಅವೂ ಬೆದೆಗೆ ಬಂದಿಲ್ಲ ಕಣ್ರಮ್ಮ."

ಪೂಜೆ

ಪುಡಿಯ ಸಹವಾಸವೇ ಬೇಡವೆಂದು ಈ ಸಲ ಹಸು ನೆಕ್ಕುವ ಉಪ್ಪಿನ ಇಟ್ಟಿಗೆ ತಂದು ಗೋದಲಿ ಪಕ್ಕ ನಾನೇ ಕಟ್ಟಿದೆ. ಇದರಲ್ಲೂ ಅವೇ ಲವಣಗಳು, ಹೊಲಕ್ಕೆ ಚೆಲ್ಲಲು ಮಾತ್ರ ಆಗದು. ಎರಡು ದಿನ ಬಿಟ್ಟು ನೋಡಿದರೆ ಇಟ್ಟಿಗೆ ದೇವರ ಗೂಡು ಸೇರಿದೆ. ಅದರ ಮೇಲೆ ಮೂರು ಬೆರಳಿನ ವಿಭೂತಿ, ಒಂದು ಚೆಂಡು ಹೂವು.

"ಹೊಸ ವಸ್ತು ಪೂಜೆ ಮಾಡ್ದೆ ಬಳಸಾಕಾಯ್ತದಾ?" ಎಂದಳು ಯಜಮಾನನ ತಾಯಿ.

"ಸರಿ ಅಜ್ಜಿ, ಪೂಜೆ ಆಯ್ತಲ್ಲ. ಈಗ ಹಸುಗೆ ಕೊಡಿ."

"ಪೂಜೆ ಆಗಿರೋದ್ನ ಎಂಜಲು ಮಾಡಾಕಾಯ್ತದೇನವ್ವ?"

ನನ್ನ ಓದೆಲ್ಲ ಅಲ್ಲಿಗೆ ಮುಗಿಯಿತು. ಸೊಸೆ ಮೆಲ್ಲಗೆ, "ಹಸ ದೇವ್ರಲ್ವಾ ಅತ್ತೆ? ನೈವೇದ್ಯ ಅಂತ ಇಕ್ಕಿ" ಎಂದಳು. ಅತ್ತೆ ಯೋಚಿಸಿ ಒಪ್ಪಿದಳು. ಅಂದಿನಿಂದ ಮೇದು ಬಂದ ಹಸುವಿನ ಮುಂದೆ ದಿನಾ ಸಂಜೆ ಇಟ್ಟಿಗೆ ಹಿಡಿದು, ಅದು ನೆಕ್ಕಿ ಮುಗಿಸುವವರೆಗೂ ಗಂಟೆ ಆಡಿಸಿದಳು, ಒಂದು ದಿನವೂ ತಪ್ಪಿಸಲಿಲ್ಲ. ಇಷ್ಟು ಕಟ್ಟುನಿಟ್ಟಾಗಿ ನನ್ನ ಔಷಧಿಯನ್ನು ಯಾರೂ ಪಾಲಿಸಿದ್ದಿಲ್ಲ. ನನಗೆ ಡಾಕ್ಟರು ಕೊಟ್ಟ ಮಾತ್ರೆಯನ್ನು ನಾನೂ ಇಷ್ಟು ತಪ್ಪದೆ ನುಂಗಿಲ್ಲ.

ಪಾಲು

ಮೂರು ತಿಂಗಳು ಮುಗಿದ ವಾರದ ಸಂತೆ ದಿನ ಯಜಮಾನ ಹೇಳಿದಂತೆಯೇ ಹಗ್ಗ ಹಿಡಿದು ಹೊರಟ. ಹಿಂದೆಯೇ ಹೆಂಡತಿ ಅಳುತ್ತಾ ಬಂದಳು. ದಾರಿಯಲ್ಲಿ ಸರಿಯಾಗಿ ನಮ್ಮ ಪಶು ಆಸ್ಪತ್ರೆ ಮುಂದೆ ಹಸು ನಿಂತು ಊರೇ ತಿರುಗುವಂತೆ ಕೂಗಿತು. ಓಡಿಬಂದು ಪರೀಕ್ಷೆ ಮಾಡಿದೆ. ಬೆದೆಗೆ ಬಂದಿತ್ತು. ಅಲ್ಲೇ ಕೃತಕ ಗರ್ಭಧಾರಣೆ ಮಾಡಿ, ಹಗ್ಗವನ್ನು ಹೆಂಡತಿಯ ಕೈಗೆ ಕೊಟ್ಟು ಮನೆಗೆ ಕಳಿಸಿದೆ.

ಒಂಬತ್ತು ತಿಂಗಳ ಮೇಲೆ ಹೆಣ್ಣು ಕರು ಹುಟ್ಟಿತು. ಹೆಮ್ಮೆಯಿಂದ ನೋಡಲು ಹೋದೆ. ಚಪ್ಪಲಿಯನ್ನು ಗಾಡಿಯ ಡಿಕ್ಕಿಯಲ್ಲೇ ಇಟ್ಟಿದ್ದೆ.

"ಮಾರ್ತೀನಿ ಅಂದಿದ್ಕೆ ಹೆದ್ರಿ ಬೆದೆಗೆ ಬಂತು" ಎಂದ ಯಜಮಾನ.

"ನಮ್ ತೌರಿನ ಹಸ, ಮಾನ ಕಳೀತದಾ?" ಎಂದಳು ಹೆಂಡತಿ. ಅವಳ ಮುಖ ನೋಡಿದರೆ ಸಾಕಿತ್ತು, ನನ್ನ ಕಷ್ಟವೆಲ್ಲ ಸಾರ್ಥಕ.

ಆದರೂ ಹೊಗಳಿಕೆಯ ಆಸೆ ಬಿಡಬೇಕಲ್ಲ. "ನನ್ನದೇನೂ ಇಲ್ವಾ ಅಜ್ಜಿ?" ಎಂದೆ.

ಅಜ್ಜಿ ಗಿಣ್ಣಿನ ತಟ್ಟೆ ನನ್ನ ಕೈಗಿಟ್ಟಳು. "ಯಾಕಿಲ್ಲ ಕಣವ್ವ. ನಾನು ಊರಿಗೆಲ್ಲ ಹೇಳಿವ್ನಿ, ಅದ್ಕೆ ಕಸುವು ಬಂದಿದ್ದೇ ನಿನ್ ಚಪ್ಲಿ ತಿಂದ್ಮೇಲೆ."

ಆಗಲೇ ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಕತ್ತು ಚಾಚಿದಳು. "ಡಾಕ್ಟ್ರಮ್ಮ, ನಮ್ ಎಮ್ಮೇನೂ ವರ್ಸದಿಂದ ಬೆದೆಗೆ ಬಂದಿಲ್ಲ. ಆ ಬಲಗಾಲಿಂದು ಇನ್ನೂ ಮಡಗಿದ್ದೀರಾ?"