ಟವೆಲ್ ಹಾಕಿದವರದೇ ಜಾಗ

ಯಾವುದು ಯಾರದೆಂಬ ಪ್ರಶ್ನೆಗೆ ಕಾನೂನು ಒಂದು ಉತ್ತರ ಹೇಳಿದರೆ ನಮ್ಮ ಸೀಮೆಯ ಜನ ಇನ್ನೊಂದು ಹೇಳುತ್ತಾರೆ. ಈ ಎರಡರ ನಡುವೆ ಸಿಕ್ಕಿಕೊಳ್ಳುವ ಯೋಗ ಮಾತ್ರ ಪದೇ ಪದೇ ನನಗೇ ಒದಗುತ್ತದೆ.

ಕನ್ನಡ ಎಂ.ಎ. ಮುಗಿಸಿದ ಮೇಲೆ ನಾನು ಸೇಡಂನ ವಕೀಲರೊಬ್ಬರ ಕಚೇರಿಯಲ್ಲಿ ಅರ್ಜಿಗಳನ್ನು ಕನ್ನಡದಲ್ಲಿ ಬರೆಯುವ ಕೆಲಸಕ್ಕೆ ಸೇರಿದೆ. ನ್ಯಾಯವು ಜನರ ನುಡಿಯಲ್ಲಿಯೇ ಜನರನ್ನು ತಲುಪಬೇಕೆಂಬುದು ನನ್ನ ಆದರ್ಶ. ಆ ಕಚೇರಿಯಲ್ಲಿ ಆದರ್ಶಕ್ಕೆ ಜಾಗವಿತ್ತು, ನನಗಿರಲಿಲ್ಲ. ಪಕ್ಷಗಾರರು, ಅಂದರೆ ಕಕ್ಷಿದಾರರು, ಕೂರುವ ಬೆಂಚಿನ ತುದಿಯಲ್ಲಿ, ತೊಡೆಯ ಮೇಲೆ ಹಲಗೆಯಿಟ್ಟುಕೊಂಡು ಬರೆಯುತ್ತಿದ್ದೆ.

ಒಂದು ದಿನ ವಕೀಲ ಸಾಹೇಬರು ಕರೆದು ಹೇಳಿದರು: "ಸ್ವಾಧೀನ ಅಂದ್ರೇನು, ಅತಿಕ್ರಮ ಪ್ರವೇಶ ಅಂದ್ರೇನು, ಬ್ಯಾರೆಯವರನ್ನ ಹೊರಗಿಡೋ ಹಕ್ಕು ಅಂದ್ರೇನು, ಮಂದಿಗಿ ತಿಳಿಯೋ ಹಂಗ ಒಂದು ಸಣ್ಣ ಪುಸ್ತಕ ಬರೀರಿ. ಮುಗಿಸಿದ್ರ ನಿಮಗೊಂದು ಟೇಬಲ್ ಕೊಡಸ್ತೀನಿ."

ನನ್ನದೇ ಒಂದು ಮೇಜು! ಅದರ ಆಸೆಯಿಂದ ಉದಾಹರಣೆಗಳನ್ನು ಅರಸುತ್ತ ಹೊರಟೆ.

ಸ್ವಾಧೀನ

ಚಿತ್ತಾಪುರದ ನಿಲ್ದಾಣಕ್ಕೆ ಸೇಡಂ ಬಸ್ಸು ಬಂದು ನಿಲ್ಲುವುದರೊಳಗೆ ಒಬ್ಬರು ಹೊರಗಿನಿಂದಲೇ ಕಿಟಕಿಯೊಳಗೆ ಟವೆಲ್ ಎಸೆದರು. ನಾನು ಬಾಗಿಲಿನಿಂದ ಹತ್ತಿ, ಆ ಟವೆಲನ್ನು ಗೌರವದಿಂದ ಮಡಿಚಿ ಪಕ್ಕಕ್ಕಿಟ್ಟು ಕುಳಿತೆ. ಅವರು ಜನರನ್ನು ಸೀಳಿಕೊಂಡು ಬಂದರು.

"ಸರ, ಟವೆಲ್ ಕಾಣಲಿಲ್ಲೇನ್ರಿ?"

"ಕಂಡಿತು. ಆದರೆ ಟವೆಲ್ ಮನುಷ್ಯನಲ್ಲವಲ್ಲ."

"ಮನುಷ್ಯಾ ಅಲ್ಲ, ಖರೇ ಅದ. ಆದ್ರ ನಿಮಗಿಂತ ಮೊದ್ಲು ಕುಂತದ."

ಇಡೀ ಬಸ್ಸು ಟವೆಲಿನ ಪಕ್ಷ ವಹಿಸಿತು. ಕಂಡಕ್ಟರ್ ಮೃದುವಾಗಿ, "ಏಳ್ರಿ ಸರ, ಓದಿದೋರು ನೀವು. ಟವೆಲ್ ಜೋಡಿ ಏನ್ ಜಗಳ?" ಎಂದರು. ಎದ್ದೆ. ಮುಂದಿನ ನಿಲ್ದಾಣದಲ್ಲಿ ಆ ಮಹನೀಯರು ಕಿಟಕಿಯಿಂದ ಧೂಳು ಬರುತ್ತದೆಂದು ಗೊಣಗಿ ಚಾಲಕರ ಪಕ್ಕಕ್ಕೆ ಹೋಗಿ ಕುಳಿತರು. ಸೇಡಂವರೆಗೆ ನಾನು ನಿಂತು ಬಂದೆ, ಟವೆಲ್ ಕುಳಿತು ಬಂತು.

ಅತಿಕ್ರಮ ಪ್ರವೇಶ

ಸಾಹೇಬರನ್ನು ಹಿಂದೆ ಕೂಡಿಸಿಕೊಂಡು ಬೈಕಿನಲ್ಲಿ ಚಿಂಚೋಳಿಯ ಕಡೆ ಹೊರಟಿದ್ದೆ. ರಸ್ತೆಯುದ್ದಕ್ಕೂ ಯಾರೋ ತೊಗರಿ ಕಟ್ಟಿಗೆಯನ್ನು ಕಾಯಿಸಮೇತ ಹರಡಿದ್ದರು. ಪರರ ಬೆಳೆಯನ್ನು ತುಳಿಯುವುದು ಸಲ್ಲದೆಂದು ಬೈಕನ್ನು ಪಕ್ಕದ ತಗ್ಗಿಗಿಳಿಸಿದೆ. ಸಾಹೇಬರು ಜಾರಿ ಜಾಲಿಮುಳ್ಳಿಗೆ ಅಂಗಿ ಸಿಕ್ಕಿಸಿಕೊಂಡರು. ತೊಗರಿ ಕಾಯುತ್ತಿದ್ದ ಹೆಣ್ಣುಮಗಳು ಓಡಿ ಬಂದರು. ಕ್ಷಮೆ ಕೇಳಲು ನಾನು ಸಿದ್ಧನಾದೆ.

"ಏ ಯಪ್ಪಾ, ಅಷ್ಟು ಛಂದ ಹಾದಿ ಬಿಟ್ಟು ತಗ್ಗಿನ್ಯಾಗ ಯಾಕ ಹೊಂಟೀರಿ? ಇದರ ಮ್ಯಾಲ ಹೊಡೀರಿ! ಗಾಲಿ ಹಾಯ್ದ್ರ ಕಾಳು ಉದರ್ತಾವ ಅಂತನ ಹಾಕೀನಿ."

"ಆದರೆ ತಾಯಿ, ಇದು ನಿಮ್ಮ ಬೆಳೆ…"

"ಬೆಳಿ ನಂದು, ಗಾಡಿ ನಿಮ್ದು. ಹೊಡೀರಿ!"

ತುಳಿದೆವು. ಅವರು ಬಗ್ಗಿ ನೋಡಿ ತಲೆಯಲ್ಲಾಡಿಸಿದರು. "ಒಂದು ಕಾಯಿ ಒಡೀಲಿಲ್ಲ. ತಿರಗಿಸ್ಕೊಂಡು ಬಂದು ಇನ್ನೊಮ್ಮೆ ಹಾಯ್ರಿ. ಮುಂದಿನ ಸಲ ಬರೋ ಮುಂದ ಸ್ವಲ್ಪ ದಪ್ಪ ಇದ್ದೋರ್ನ ಕೂಡಿಸ್ಕೊಂಡ್ ಬರ್ರಿ."

ಹೊರಗಿಡುವ ಹಕ್ಕು

ಶಹಾಬಾದಿನ ಪಕ್ಷಗಾರರೊಬ್ಬರು ಮನೆಯ ಮುಂದೆ ನುಣುಪಾದ ಕಲ್ಲಿನ ಕಟ್ಟೆ ಕಟ್ಟಿಸಿದ್ದರು. ಕಲ್ಲಿನ ತಂಪಿಗೆ ಸಂಜೆಯಾದರೆ ಓಣಿಯ ಹಿರಿಯರೆಲ್ಲ ಅಲ್ಲಿಯೇ. "ನನ್ನ ಕಟ್ಟಿ ಮ್ಯಾಲ ನನಗೇ ಜಾಗ ಇಲ್ರಿ," ಎಂದು ಕಣ್ಣೀರು ತಂದುಕೊಂಡರು. ನಾನು ಫಲಕವೊಂದನ್ನು ಬರೆದುಕೊಟ್ಟೆ: 'ಮಾಲೀಕರ ಅನುಮತಿಯಿಲ್ಲದೆ ಇಲ್ಲಿ ಕೂರುವಂತಿಲ್ಲ.' ಜನ ಓದಿದರು, ಎದ್ದು ಹೋದರು. ಜೀವನದಲ್ಲಿ ಮೊದಲ ಬಾರಿಗೆ ನನ್ನ ಬರವಣಿಗೆಯನ್ನು ಓದುಗರು ಗಂಭೀರವಾಗಿ ತೆಗೆದುಕೊಂಡಿದ್ದರು.

ವಾರದೊಳಗೆ ಆ ಪಕ್ಷಗಾರರು ಫಲಕವನ್ನು ಬಗಲಲ್ಲಿಟ್ಟುಕೊಂಡು ಮರಳಿ ಬಂದರು. ಮುಖ ಸೋತಿತ್ತು.

"ಮತ್ತೆ ಬಂದು ಕೂರುತ್ತಿದ್ದಾರೆಯೇ?"

"ಯಾರೂ ಬರವಲ್ರು ಸರ. ಅದೇ ತ್ರಾಸ ಆಗ್ಯದ. ಮಂದೀನೇ ಬರದಿದ್ರ ನಾ ಎಬ್ಬಸ್ಲಿ ಯಾರ್ನ?"

ಮೇಜು

ಇಷ್ಟೆಲ್ಲ ಆದಮೇಲೆ ನನ್ನ ಶಾಸ್ತ್ರನಿಷ್ಠೆ ದಣಿದಿತ್ತು. ಪುಸ್ತಿಕೆಯಲ್ಲಿ ಜನರಿಗೆ ತಿಳಿಯುವಂತೆಯೇ ಬರೆದೆ: 'ಸ್ವಾಧೀನವೆಂದರೆ ಬಸ್ಸಿನ ಸೀಟಿನ ಮೇಲಿನ ಟವೆಲ್ ಇದ್ದಂತೆ. ನೆಲೆಯಾಗಿ ಕುಳಿತವನನ್ನು ಮಾಲೀಕನೂ ಕೈಹಿಡಿದು ಎಬ್ಬಿಸುವಂತಿಲ್ಲ, ನ್ಯಾಯಾಲಯಕ್ಕೆ ಹೋಗಬೇಕು.' ಸಾಹೇಬರು ಮೆಚ್ಚಿ, ಅಚ್ಚು ಹಾಕಿಸಿ, ಬಂದ ಪಕ್ಷಗಾರರಿಗೆಲ್ಲ ಹಂಚಿದರು. ಕೊಟ್ಟ ಮಾತಿನಂತೆ ಮೇಜೂ ಬಂತು. ಆ ಸಂಜೆ ಅದನ್ನು ಒರೆಸಿ, ಮುಟ್ಟಿ ನೋಡಿ ಮನೆಗೆ ಹೋದೆ.

ಮರುದಿನ ಬಂದು ನೋಡಿದರೆ ಮೇಜಿನ ಮೇಲೆ ಒಂದು ಟವೆಲ್, ಟವೆಲಿನ ಮೇಲೆ ರೊಟ್ಟಿಯ ಗಂಟು, ಹಿಂದಿನ ಕುರ್ಚಿಯಲ್ಲಿ ಕೋಡ್ಲಾ ಗ್ರಾಮದ ಒಬ್ಬ ಮುದುಕರು. ಹೊಲದ ದಾವೆಗಾಗಿ ವರ್ಷಗಳಿಂದ ನಮ್ಮ ಕಚೇರಿಗೆ ಅಲೆಯುತ್ತಿರುವವರು.

"ಮುತ್ಯಾ, ಇದು ನನ್ನ ಟೇಬಲ್ರಿ."

"ಯಾರು ಇಲ್ಲ ಅಂದ್ರು? ಮಾಲಕಿ ಹಕ್ಕು ನಿಮ್ದೇ ಸರ. ಕಬ್ಜಾ, ನೀವು ಬರ್ದ ಸ್ವಾಧೀನ, ಅಷ್ಟೇ ನಂದು." ಜೇಬಿನಿಂದ ನನ್ನ ಪುಸ್ತಿಕೆಯನ್ನೇ ತೆಗೆದು, ಟವೆಲಿನ ಸಾಲಿನ ಮೇಲೆ ಬೆರಳಿಟ್ಟರು. "ಭಾಳ ಛಂದ ಬರ್ದೀರಿ. ಹೊಲದ ಕಬ್ಜಾ ಅಂತೂ ನಾ ಸಾಯೋತನ ಸಿಗಂಗ ಕಾಣಲ್ಲ. ಇದರದ್ದರ ಸಿಗಲಿ."

ನಾನು ಬೆಂಚಿನ ತುದಿಯಲ್ಲಿದ್ದ ಹಳೆಯ ಹಲಗೆಯನ್ನು ಎತ್ತಿಕೊಂಡೆ. ಅವರಿಗೆ ಕನಿಕರ ಹುಟ್ಟಿತು. ಗಂಟನ್ನು ಒಂದಿಷ್ಟು ಸರಿಸಿದರು. "ಬರ್ರಿ, ಈ ಮೂಲ್ಯಾಗ ಬರ್ಕೋರಿ. ನಾನೇ ಪರ್ಮಿಷನ್ ಕೊಟ್ಟೀನಿ ಅಂದಮ್ಯಾಲ ಅತಿಕ್ರಮ ಆಗಂಗಿಲ್ಲ. ಅದೂ ನೀವೇ ಬರ್ದೀರಿ."

ಕೊನೆಯ ಆಸೆಯಿಂದ ಒಳಗೆ ಹೋಗಿ ಸಾಹೇಬರ ಮುಂದೆ ನಿಂತೆ. "ಸರ್, ನನ್ನ ಮೇಜನ್ನು ಬಿಡಿಸಿಕೊಡಿ."

ಸಾಹೇಬರು ಬಾಗಿಲಿನಿಂದ ಇಣುಕಿ ಮುದುಕರನ್ನು ನೋಡಿದರು, ನನ್ನನ್ನು ನೋಡಿದರು, ನಿಟ್ಟುಸಿರಿಟ್ಟರು.

"ಹ್ಯಾಂಗ ಬರ್ತದ್ರೀ? ಮುತ್ಯಾ ನನ್ನ ಪಕ್ಷಗಾರ. ನೀವು ಬ್ಯಾರೆ ವಕೀಲರ್ನ ನೋಡ್ಕೋರಿ."